ಹೈಕೋರ್ಟ್ ನ್ಯಾಯಮೂರ್ತಿ: ದಾವಣಗೆರೆ–ಹರಿಹರದಲ್ಲಿ ಕೇಳಿಬರುವ ಐದು ತಪ್ಪು ಕಲ್ಪನೆಗಳು

ದಾವಣಗೆರೆಯ ಜಿಲ್ಲಾ ನ್ಯಾಯಾಲಯದ ಆವರಣದಲ್ಲಾಗಲಿ, ಹರಿಹರದ ಕೋರ್ಟ್ ಮುಂದಾಗಲಿ ಹೈಕೋರ್ಟ್ ಜಡ್ಜ್‌ಗಳ ಮಾತು ಬಂದರೆ ಗೌರವದ ಜೊತೆಗೆ ತಪ್ಪು ತಿಳಿವಳಿಕೆಯೂ ಬೆರೆತಿರುತ್ತದೆ. ಅದರಿಂದ ನಷ್ಟವಾಗುವುದು ತಾರೀಖಿಗೆ ಅಲೆಯುವ ಕಕ್ಷಿದಾರರಿಗೆ. ಇಲ್ಲಿನ ಆರ್‌.ಎಲ್‌. ಕಾನೂನು ಕಾಲೇಜಿನಂಥ ಕಡೆ ಓದುತ್ತ, ‘ಅದೆಲ್ಲ ನಮ್ಮಂಥವರಿಗಲ್ಲ’ ಎಂದು ಮೊದಲೇ ಕೈಬಿಡುವ ಮಕ್ಕಳಿಗೂ ನಷ್ಟವೇ.

ತಪ್ಪು ಕಲ್ಪನೆ 1: ಪರೀಕ್ಷೆ ಪಾಸಾದರೆ ಹೈಕೋರ್ಟ್ ಜಡ್ಜ್ ಆಗಬಹುದು.

ವಾಸ್ತವ: ಪರೀಕ್ಷೆ ಇರುವುದು ಸಿವಿಲ್ ನ್ಯಾಯಾಧೀಶ ಮತ್ತು ಜಿಲ್ಲಾ ನ್ಯಾಯಾಧೀಶ ಹುದ್ದೆಗಳ ನೇರ ನೇಮಕಾತಿಗೆ. ಹೈಕೋರ್ಟ್‌ಗೆ ಪರೀಕ್ಷೆಯೂ ಇಲ್ಲ, ಅರ್ಜಿ ಹಾಕುವ ಪದ್ಧತಿಯೂ ಇಲ್ಲ. ಸಂವಿಧಾನದ 217ನೇ ವಿಧಿ ಕೇಳುವುದು ವಕೀಲರಾಗಿ ಅಥವಾ ನ್ಯಾಯಾಂಗ ಹುದ್ದೆಯಲ್ಲಿ ಕನಿಷ್ಠ 10 ವರ್ಷಗಳ ಅನುಭವ. ರೂಢಿಯಂತೆ ಸುಮಾರು ಮೂರನೇ ಎರಡು ಭಾಗ ವಕೀಲರಿಂದ, ಉಳಿದದ್ದು ಜಿಲ್ಲಾ ನ್ಯಾಯಾಧೀಶರಿಂದ ತುಂಬುತ್ತದೆ. ಹರಿಹರದಂಥ ತಾಲ್ಲೂಕು ಕೋರ್ಟ್‌ನಲ್ಲಿ ಸಿವಿಲ್ ನ್ಯಾಯಾಧೀಶರಾಗಿ ಸೇವೆ ಶುರು ಮಾಡಿದವರು ಹಿರಿಯ ಸಿವಿಲ್ ನ್ಯಾಯಾಧೀಶ, ಜಿಲ್ಲಾ ನ್ಯಾಯಾಧೀಶ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಹೈಕೋರ್ಟ್‌ಗೆ ಹೆಸರು ಹೋಗುವ ಹೊತ್ತಿಗೆ ಬಹುತೇಕರ ವಯಸ್ಸು ಐವತ್ತು ದಾಟಿರುತ್ತದೆ. ಹೈಕೋರ್ಟ್‌ನ ನಿವೃತ್ತಿ ವಯಸ್ಸು 62. ಹಾಗಾಗಿ ಅವರಿಗೆ ಅಲ್ಲಿ ಸಿಗುವ ಅವಧಿ ಚಿಕ್ಕದು.

ತಪ್ಪು ಕಲ್ಪನೆ 2: ಸಣ್ಣ ಊರಿನವರಿಗೆ ಆ ಕುರ್ಚಿ ಸಿಗುವುದಿಲ್ಲ.

ವಾಸ್ತವ: ಬಳ್ಳಾರಿಯಲ್ಲಿ ವಕೀಲಿಕೆ ಮಾಡಿದ ಮಂಜುಳಾ ಚೆಲ್ಲೂರ್ 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು, 2000ದಲ್ಲಿ ಕರ್ನಾಟಕ ಹೈಕೋರ್ಟ್‌ಗೆ ಬಂದರು. ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿಯಾದರು. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ, ನಮ್ಮ ನೆರೆಯ ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ಮೋಹನ ಶಾಂತನಗೌಡರ. 1980ರಲ್ಲಿ ವಕೀಲರಾದ ಅವರು 2003ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ, 2017ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆದರು. ಒಬ್ಬರು ಜಿಲ್ಲಾ ನ್ಯಾಯಾಲಯದ ಮೂಲಕ ಮೇಲೆ ಬಂದರು, ಇನ್ನೊಬ್ಬರು ಹೈಕೋರ್ಟ್ ವಕೀಲಿಕೆಯ ಮೂಲಕ. ವಕೀಲರ ಸಾಲಿನಿಂದ ಹೋಗುವವರ ಕೆಲಸ ಹೈಕೋರ್ಟ್‌ನ ಕಣ್ಣಿಗೆ ಬೀಳಬೇಕಾಗುತ್ತದೆ ಎಂಬುದು ನಿಜ. ಹುಟ್ಟಿದ ಊರು ಅಡ್ಡಿಯಾಗುತ್ತದೆ ಎಂಬುದು ಸುಳ್ಳು.

ತಪ್ಪು ಕಲ್ಪನೆ 3: ರಾಜ್ಯ ಸರ್ಕಾರವೇ ನೇಮಿಸುತ್ತದೆ.

ವಾಸ್ತವ: ಪ್ರಮಾಣವಚನ ಬೋಧಿಸುವವರು ರಾಜ್ಯಪಾಲರು, ಸಂಬಳ ಹೋಗುವುದು ರಾಜ್ಯದ ಬೊಕ್ಕಸದಿಂದ. ಈ ಗೊಂದಲ ಹುಟ್ಟುವುದೇ ಅಲ್ಲಿಂದ. ನಿಜದಲ್ಲಿ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಇಬ್ಬರು ಹಿರಿಯ ನ್ಯಾಯಮೂರ್ತಿಗಳೊಂದಿಗೆ ಕೂತು ಹೆಸರು ಸೂಚಿಸುತ್ತಾರೆ. ರಾಜ್ಯ ಸರ್ಕಾರ ಅಭಿಪ್ರಾಯ ಕೊಡಬಹುದು, ಅಷ್ಟೇ. ಸುಪ್ರೀಂ ಕೋರ್ಟ್‌ನ ಹಿರಿಯ ನ್ಯಾಯಮೂರ್ತಿಗಳ ಸಮಿತಿಯಾದ ಕೊಲಿಜಿಯಂ ಶಿಫಾರಸು ಮಾಡಿದ ಮೇಲೆ ಕೇಂದ್ರ ಸರ್ಕಾರದ ಮೂಲಕ ರಾಷ್ಟ್ರಪತಿಗಳ ಸಹಿಯಿಂದ ನೇಮಕವಾಗುತ್ತದೆ.

ತಪ್ಪು ಕಲ್ಪನೆ 4: ಧಾರವಾಡ ಪೀಠ ಹತ್ತಿರವಿದೆ, ನಮ್ಮ ಕೇಸು ಅಲ್ಲೇ ನಡೆಯುತ್ತದೆ.

ವಾಸ್ತವ: ದಾವಣಗೆರೆ ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಯಲ್ಲಿದೆ. ಹರಿಹರದ ತುಂಗಭದ್ರಾ ಸೇತುವೆ ದಾಟಿದರೆ ಆಚೆ ಕುಮಾರಪಟ್ಟಣಂ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಆ ದಡದ ಜಮೀನಿನ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿದರೆ ಧಾರವಾಡಕ್ಕೆ, ಈ ದಡದ್ದು ಬೆಂಗಳೂರಿಗೆ. ಧಾರವಾಡ ಮತ್ತು ಕಲಬುರಗಿ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ಮೂರೂ ಕಡೆ ಕೂರುವವರು ಒಂದೇ ಹೈಕೋರ್ಟ್‌ನ ನ್ಯಾಯಮೂರ್ತಿಗಳು. ಯಾರು ಎಲ್ಲಿ, ಯಾವ ಬಗೆಯ ಕೇಸು ಕೇಳಬೇಕೆಂದು ಗೊತ್ತುಮಾಡುವವರು ಮುಖ್ಯ ನ್ಯಾಯಮೂರ್ತಿ. ಧಾರವಾಡದ ಬಸ್ ಹತ್ತುವ ಮುನ್ನ ನಿಮ್ಮ ವಕೀಲರನ್ನು ಕೇಳಿ.

ತಪ್ಪು ಕಲ್ಪನೆ 5: ಒಮ್ಮೆ ಜಡ್ಜ್ ಆದರೆ ಹೇಳುವವರು ಕೇಳುವವರು ಇಲ್ಲ.

ವಾಸ್ತವ: ಮೊದಲು ಹೆಚ್ಚುವರಿ ನ್ಯಾಯಮೂರ್ತಿಯಾಗಿ ಗರಿಷ್ಠ ಎರಡು ವರ್ಷಕ್ಕೆ ನೇಮಿಸಿ, ಆಮೇಲೆ ಕಾಯಂ ಮಾಡುವುದು ವಾಡಿಕೆ. 222ನೇ ವಿಧಿಯಡಿ ಬೇರೆ ಹೈಕೋರ್ಟ್‌ಗೆ ವರ್ಗಾಯಿಸಬಹುದು. ದುರ್ನಡತೆ ಸಾಬೀತಾದರೆ ಸಂಸತ್ತಿನ ಎರಡೂ ಸದನಗಳು ವಿಶೇಷ ಬಹುಮತದಿಂದ ನಿರ್ಣಯ ಅಂಗೀಕರಿಸಬೇಕು, ಆಗ ರಾಷ್ಟ್ರಪತಿ ಪದಚ್ಯುತಗೊಳಿಸುತ್ತಾರೆ. ದಾರಿ ಇಷ್ಟು ಕಠಿಣವಾಗಿರುವುದಕ್ಕೆ ಕಾರಣವಿದೆ. ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು ಮಾರನೇ ದಿನ ಕುರ್ಚಿ ಕಳೆದುಕೊಳ್ಳುವಂತಿದ್ದರೆ, ಭೂಸ್ವಾಧೀನದಲ್ಲಿ ಹೊಲ ಕಳೆದುಕೊಂಡ ರೈತ ಯಾರ ಬಳಿ ಹೋಗಬೇಕು? ಕಾಯಂ ನ್ಯಾಯಮೂರ್ತಿಯಾಗಿದ್ದವರು ನಿವೃತ್ತಿಯ ನಂತರ ಅದೇ ಹೈಕೋರ್ಟ್‌ನಲ್ಲಾಗಲಿ ಅದರ ಕೆಳಗಿನ ಕೋರ್ಟ್‌ಗಳಲ್ಲಾಗಲಿ ವಾದಿಸುವಂತಿಲ್ಲ. ಸುಪ್ರೀಂ ಕೋರ್ಟ್ ಮತ್ತು ಬೇರೆ ಹೈಕೋರ್ಟ್‌ಗಳಲ್ಲಿ ಅವಕಾಶವಿದೆ.

ಹೈಕೋರ್ಟ್‌ನ ಕುರ್ಚಿಗೆ ಹೋಗುವ ದಾರಿಯನ್ನು ಸಂವಿಧಾನ ಎಲ್ಲರಿಗೂ ತೆರೆದಿಟ್ಟಿದೆ. ಅದನ್ನು ಕಾಲೇಜಿನಲ್ಲೇ ತಿಳಿಸಿಕೊಟ್ಟರೆ, ಹಳ್ಳಿಯಿಂದ ಬಂದ ಹುಡುಗಿ ತನ್ನ ಮೊದಲ ವಕಾಲತ್ತನ್ನು ಹರಿಹರದಲ್ಲಿ ಹಾಕುವಾಗಲೇ ಮುಂದಿನ ಗುರಿಯನ್ನೂ ಇಟ್ಟುಕೊಳ್ಳಬಹುದು. ಅವಳಿಗೆ ಅದನ್ನು ಹೇಳಿಕೊಡುವುದು ನಮ್ಮ ಊರಿನ ಹಿರಿಯ ವಕೀಲರ ಹೊಣೆ.