ತಪ್ಪಿದ ಹೆಜ್ಜೆ ಎಲ್ಲಿ? ಪುಟ್ಟ ಸಿಎನ್‌ಸಿ ಯಂತ್ರದಲ್ಲಿ ದೋಷಪತ್ತೆ

ಗಣಕದ ಆದೇಶದಂತೆ ಮರ, ಪ್ಲಾಸ್ಟಿಕ್ ಅಥವಾ ಲೋಹವನ್ನು ಕತ್ತರಿಸಿ ರೂಪ ಕೊಡುವ ಯಂತ್ರವೇ ಸಿಎನ್‌ಸಿ ಯಂತ್ರ. ಸಂಖ್ಯೆಗಳ ಮೂಲಕ ನಡೆಸುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1952ರಲ್ಲಿ ಪ್ರದರ್ಶಿಸಿತು. ಆ ಯಂತ್ರದ ನಿಯಂತ್ರಕವನ್ನು ನಿರ್ವಾತ ನಳಿಕೆಗಳಿಂದ ಕಟ್ಟಲಾಗಿತ್ತು. ಈಗ ಅಂಥ ಕೆಲಸವನ್ನು ಅಂಗೈಯಗಲದ ಆರ್ಡುಯಿನೊ ಫಲಕವೊಂದು ಮಾಡಬಲ್ಲದು. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಬರೆದು ಮುಕ್ತವಾಗಿ ಹಂಚಿದ 'ಗರ್ಬಲ್' ಎಂಬ ತಂತ್ರಾಂಶ ಇದಕ್ಕೆ ಮುಖ್ಯ ಕಾರಣ. ಸೆಕೆಂಡಿಗೆ 1.6 ಕೋಟಿ ಗಡಿಯಾರ ಮಿಡಿತಗಳ, ಕೇವಲ 2 ಕಿಲೊಬೈಟ್ ಕಾರ್ಯಸ್ಮೃತಿಯ ಚಿಪ್ಪಿನಲ್ಲಿ ಅದು ಮೂರು ಅಕ್ಷಗಳನ್ನು ಒಟ್ಟಿಗೆ ನಡೆಸುತ್ತದೆ.

ಹವ್ಯಾಸಿಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಯಂತ್ರವನ್ನು ಬಿಡಿಭಾಗಗಳಿಂದ ತಾವೇ ಜೋಡಿಸಿಕೊಳ್ಳುತ್ತಾರೆ. ಕಷ್ಟ ಆರಂಭವಾಗುವುದು ಅನಂತರ. 50 ಮಿ.ಮೀ. ಚೌಕ ಕೇಳಿದರೆ 49.6 ಮಿ.ಮೀ. ಬರುತ್ತದೆ, ವೃತ್ತ ಮೊಟ್ಟೆಯಾಕಾರ ತಾಳುತ್ತದೆ, ಅರ್ಧ ಕೆತ್ತಿದ ಅಕ್ಷರ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿಯುತ್ತದೆ. ಆಗ ಹೆಚ್ಚಿನವರು ಸೆಟ್ಟಿಂಗ್‌ಗಳ ಪಟ್ಟಿಯನ್ನು ತೆರೆದು, ಒಂದೊಂದೇ ಸಂಖ್ಯೆಯನ್ನು ಬದಲಿಸಿ ನೋಡುತ್ತಾರೆ. ಇದು ದೋಷಪತ್ತೆಯಲ್ಲ, ಜೂಜು. ಪ್ರತಿಯೊಂದು ದೋಷವೂ ಅಳತೆಯಲ್ಲಿ ತನ್ನದೇ ಗುರುತು ಬಿಟ್ಟಿರುತ್ತದೆ. ಗುರುತನ್ನು ಓದಲು ಕಲಿತರೆ ಕಾರಣ ತಾನಾಗಿ ಹೊರಬರುತ್ತದೆ.

ಕಣ್ಣಿಲ್ಲದ ನಡಿಗೆ

ಪುಟ್ಟ ಸಿಎನ್‌ಸಿಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಟೆಪ್ಪರ್ ಮೋಟಾರು. ಒಂದೊಂದು ವಿದ್ಯುತ್ ಸ್ಪಂದಕ್ಕೆ ಒಂದೊಂದು ಹೆಜ್ಜೆಯಂತೆ ಅದು ತಿರುಗುತ್ತದೆ. ಒಂದು ಹೆಜ್ಜೆಗೆ 1.8 ಡಿಗ್ರಿ, ಸುತ್ತಿಗೆ 200 ಹೆಜ್ಜೆ. ಮೋಟಾರಿಗೆ ವಿದ್ಯುತ್ ಒದಗಿಸುವ ಡ್ರೈವರ್ ಮಂಡಲವು ಪ್ರತಿ ಹೆಜ್ಜೆಯನ್ನು 8 ಅಥವಾ 16 ಸೂಕ್ಷ್ಮ ಹೆಜ್ಜೆಗಳಾಗಿ ಒಡೆಯುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೋಟಾರು ನಿಜವಾಗಿ ತಿರುಗಿತೇ ಎಂದು ತಿಳಿಸುವ ಸಾಧನ ಇಂಥ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತ ನಡೆಯುವವನಂತೆ, ತಂತ್ರಾಂಶವು ತಾನು ಕಳಿಸಿದ ಸ್ಪಂದಗಳನ್ನು ಲೆಕ್ಕವಿಟ್ಟು 'ನಾನೀಗ ಇಲ್ಲಿದ್ದೇನೆ' ಎಂದು ನಂಬುತ್ತದೆ. ಆದ್ದರಿಂದ ಯಾವ ಕ್ಷಣದಲ್ಲೂ ಮೂರು ಸ್ಥಾನಗಳಿರುತ್ತವೆ: ನಾವು ಬಯಸಿದ ಸ್ಥಾನ, ತಂತ್ರಾಂಶ ನಂಬಿರುವ ಸ್ಥಾನ, ಕಟರ್ ನಿಜವಾಗಿ ಇರುವ ಸ್ಥಾನ. ಮೊದಲೆರಡರ ನಡುವೆ ವ್ಯತ್ಯಾಸವಿದ್ದರೆ ತಪ್ಪು ಆದೇಶಗಳಲ್ಲಿದೆ. ಪರದೆಯ ಮೇಲಿನ ಸಂಖ್ಯೆ ನಾವು ಬಯಸಿದಂತೆಯೇ ಇದ್ದು, ಅಳತೆಪಟ್ಟಿ ಬೇರೆ ಹೇಳಿದರೆ ತಪ್ಪು ಅದರ ಕೆಳಗಿನ ಹಂತದಲ್ಲಿದೆ: ಸೆಟ್ಟಿಂಗ್, ಸ್ಪಂದ, ಡ್ರೈವರ್, ಮೋಟಾರು ಅಥವಾ ಸ್ಕ್ರೂ. ದೋಷಪತ್ತೆಯ ಮೊದಲ ಕೆಲಸ ಈ ವಿಂಗಡಣೆ.

ಆದೇಶದಲ್ಲಿಯ ತಪ್ಪು

ಯಂತ್ರಕ್ಕೆ ಹೋಗುವ ಆದೇಶಗಳ ಭಾಷೆ ಜಿ-ಕೋಡ್. ಇದರ ಅನೇಕ ಆದೇಶಗಳು ಒಮ್ಮೆ ಕೊಟ್ಟರೆ ಬದಲಿಸುವವರೆಗೂ ಜಾರಿಯಲ್ಲಿರುತ್ತವೆ. ಜಿ21 ಎಂದರೆ ಮಿಲಿಮೀಟರ್, ಜಿ20 ಎಂದರೆ ಅಂಗುಲ. ಅಂಗುಲದಲ್ಲಿ ಬರೆದ ಕಡತವನ್ನು ಯಂತ್ರ ಮಿಲಿಮೀಟರ್ ಎಂದು ಓದಿದರೆ ಇಡೀ ಚಿತ್ರ 25.4 ಪಟ್ಟು ಕಿರಿದಾಗುತ್ತದೆ. 25.4 ಎಂಬ ಅನುಪಾತ ಎಲ್ಲಿ ಕಂಡರೂ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಜಿ90 ಎಂದರೆ ಮೂಲಬಿಂದುವಿನಿಂದ ಅಳತೆ, ಜಿ91 ಎಂದರೆ ಈಗಿರುವ ಜಾಗದಿಂದ ಅಳತೆ. ಜಿ91 ಜಾರಿಯಲ್ಲಿರುವಾಗ 'ಎಕ್ಸ್ 10' ಎಂದು ಮೂರು ಸಲ ಹೇಳಿದರೆ ಕಟರ್ 30 ಮಿ.ಮೀ. ದೂರ ಹೋಗಿ ನಿಲ್ಲುತ್ತದೆ. ಪ್ರತಿ ಕಡತದ ಮೊದಲ ಸಾಲಿನಲ್ಲಿಯೇ ಜಿ21, ಜಿ90 ಎಂದು ಬರೆಯುವುದು ಒಳ್ಳೆಯ ಅಭ್ಯಾಸ.

ವೃತ್ತಕಂಸದ ಆದೇಶಗಳಾದ ಜಿ2, ಜಿ3ಗಳಲ್ಲಿ ಕೊನೆಯ ಬಿಂದುವನ್ನೂ ಕೇಂದ್ರವನ್ನೂ ಕೊಡಬೇಕು. ಕೇಂದ್ರದ ದೂರವನ್ನು ಗರ್ಬಲ್ ಯಾವಾಗಲೂ ಕಂಸದ ಆರಂಭಬಿಂದುವಿನಿಂದ ಅಳೆಯುತ್ತದೆ. ಕಡತ ತಯಾರಿಸಿದ ತಂತ್ರಾಂಶ ಮೂಲಬಿಂದುವಿನಿಂದ ಅಳೆದು ಬರೆದಿದ್ದರೆ, ಕೇಂದ್ರದಿಂದ ಆರಂಭಬಿಂದುವಿಗೆ ಒಂದು ತ್ರಿಜ್ಯ, ಕೊನೆಯ ಬಿಂದುವಿಗೆ ಇನ್ನೊಂದು ತ್ರಿಜ್ಯ ಬರುವ ಸಂಭವವಿದೆ. ಅಂಥ ವೃತ್ತ ರೇಖಾಗಣಿತದಲ್ಲೇ ಇಲ್ಲ. ಗರ್ಬಲ್ 33ನೇ ದೋಷಸಂಖ್ಯೆ ತೋರಿಸಿ ನಿರಾಕರಿಸುತ್ತದೆ. ಇದು ಯಂತ್ರದ ಕೆಡುಕಲ್ಲ, ಕಡತದ್ದು.

ಅನುಪಾತದ ತಪ್ಪು

10 ಮಿ.ಮೀ.ಗೆ 40, 20 ಮಿ.ಮೀ.ಗೆ 80 ಹೀಗೆ ತಪ್ಪು ದೂರದ ಅನುಪಾತದಲ್ಲಿ ಬೆಳೆದರೆ, 'ಒಂದು ಮಿ.ಮೀ.ಗೆ ಎಷ್ಟು ಸ್ಪಂದ' ಎಂಬ ಸೆಟ್ಟಿಂಗ್ ತಪ್ಪಾಗಿದೆ. ಗರ್ಬಲ್‌ನಲ್ಲಿ ಇವು $100, $101, $102. ಲೆಕ್ಕ ಸರಳ: 200 ಹೆಜ್ಜೆಯ ಮೋಟಾರು, 8 ಸೂಕ್ಷ್ಮ ಹೆಜ್ಜೆ, ಅಂದರೆ ಸುತ್ತಿಗೆ 1600 ಸ್ಪಂದ. ಸುತ್ತಿಗೆ 8 ಮಿ.ಮೀ. ಮುಂದೊಯ್ಯುವ ಸ್ಕ್ರೂ ಇದ್ದರೆ 1600ನ್ನು 8ರಿಂದ ಭಾಗಿಸಿ 200.

ಇಲ್ಲೊಂದು ಬಲೆಯಿದೆ. ಈ ಅಗ್ಗದ ಸ್ಕ್ರೂಗಳಲ್ಲಿ ಒಂದಕ್ಕೊಂದು ಹೊಂದಿಕೊಂಡು ನಾಲ್ಕು ಎಳೆಗಳು ಸುತ್ತಿರುತ್ತವೆ. ಪಕ್ಕಪಕ್ಕದ ಎಳೆಗಳ ಅಂತರ, ಅಂದರೆ ಪಿಚ್, 2 ಮಿ.ಮೀ. ಮಾತ್ರ, ಆದರೆ ಒಂದು ಸುತ್ತಿಗೆ ನಟ್ಟು ಸಾಗುವ ದೂರ, ಅಂದರೆ ಲೀಡ್, 8 ಮಿ.ಮೀ. ಪಿಚ್ಚನ್ನು ಲೀಡ್ ಎಂದು ಭಾವಿಸಿ 800 ಎಂದು ನಮೂದಿಸಿದರೆ ಯಂತ್ರ ನಾಲ್ಕು ಪಟ್ಟು ದೂರ ಓಡುತ್ತದೆ.

ಹಿಂದಿರುಗುವಾಗಿನ ತಪ್ಪು

ತಪ್ಪು ದೂರದೊಂದಿಗೆ ಬೆಳೆಯದೆ, ದಿಕ್ಕು ಬದಲಿಸಿದಾಗ ಮಾತ್ರ ಕಾಣಿಸಿಕೊಂಡು ಯಾವಾಗಲೂ ಅಷ್ಟೇ ಇದ್ದರೆ ಅದು ಬ್ಯಾಕ್‌ಲ್ಯಾಶ್. ಸ್ಕ್ರೂವಿಗೂ ನಟ್ಟಿಗೂ ನಡುವಿನ ಸಡಿಲ. ಡಯಲ್ ಗೇಜ್ ಇಟ್ಟು ಒಂದೇ ದಿಕ್ಕಿಗೆ 5 ಮಿ.ಮೀ. ಸಾಗಿಸಿ, ಅನಂತರ 1 ಮಿ.ಮೀ. ಹಿಂದಕ್ಕೆ ಕರೆಯಿರಿ. ಗೇಜ್ 0.8 ತೋರಿಸಿದರೆ ಸಡಿಲ 0.2 ಮಿ.ಮೀ.

ಈ ಸಡಿಲವನ್ನು ಸ್ಪಂದಗಳ ಸೆಟ್ಟಿಂಗ್‌ನಿಂದ ಮುಚ್ಚಲು ಹೋಗುವುದು ಅತಿ ಸಾಮಾನ್ಯ ತಪ್ಪು. ಏನಾಗುತ್ತದೆ ನೋಡೋಣ. 10 ಮಿ.ಮೀ. ಹಿಂದಿರುಗಿಸಿದಾಗ 9.8 ಬಂತೆಂದು 200ನ್ನು 204 ಮಾಡಿದೆವು ಎನ್ನಿ. ಈಗ 10 ಮಿ.ಮೀ. ಸರಿಯಾಗಿ ಬರುತ್ತದೆ, ಸಂತೋಷವೂ ಆಗುತ್ತದೆ. ಆದರೆ 100 ಮಿ.ಮೀ. ಕೇಳಿದಾಗ ಯಂತ್ರ 102 ಮಿ.ಮೀ.ಗೆ ಬೇಕಾದ ಸ್ಪಂದಗಳನ್ನು ಕಳಿಸುತ್ತದೆ. ಸಡಿಲ ಕಳೆದು 101.8 ಬರುತ್ತದೆ. 0.2 ಮಿ.ಮೀ. ಇದ್ದ ತಪ್ಪು ಒಂಬತ್ತು ಪಟ್ಟಾಯಿತು! ಒಂದೇ ಒಂದು ಅಳತೆಯನ್ನು ನಂಬಿ ತಿದ್ದಬಾರದೆಂಬ ಪ್ರಯೋಗಶಾಲೆಯ ಪಾಠ ಇಲ್ಲಿ ಮತ್ತೆ ನಿಜವಾಗುತ್ತದೆ. ಕನಿಷ್ಠ ಮೂರು ದೂರಗಳಲ್ಲಿ ಅಳೆದು, ಕೇಳಿದ ದೂರ ಮತ್ತು ಬಂದ ದೂರಗಳ ನಕ್ಷೆ ಬರೆಯಿರಿ. ರೇಖೆಯ ಓರೆ ತಪ್ಪಿದ್ದರೆ ದೋಷ ಅನುಪಾತದ್ದು. ಓರೆ ಸರಿಯಿದ್ದು ಇಡೀ ರೇಖೆ ಸರಿದಿದ್ದರೆ ದೋಷ ಸಡಿಲದ್ದು. ಸಡಿಲಕ್ಕೆ ಮದ್ದು ಸ್ಪ್ರಿಂಗ್ ಹಾಕಿದ ಜೋಡಿ ನಟ್ಟು ಅಥವಾ ಬಾಲ್ ಸ್ಕ್ರೂ.

ಕೂಡುತ್ತ ಹೋಗುವ ತಪ್ಪು

ಕೆಲಸ ಮುಗಿಸಿ ಸೊನ್ನೆಗೆ ಮರಳಿದ ಕಟರ್ ಹೊರಟ ಜಾಗಕ್ಕೆ ಬಾರದಿದ್ದರೆ, ಹೆಜ್ಜೆಗಳು ಎಲ್ಲೋ ಕಳೆದುಹೋಗಿವೆ. ಇದಕ್ಕೆ ಎರಡು ಮುಖ್ಯ ಕಾರಣಗಳುಂಟು. ಅವುಗಳನ್ನು ಬೇರ್ಪಡಿಸುವ ಸೊಗಸಾದ ಉಪಾಯವೂ ಉಂಟು.

ಮೊದಲನೆಯದು, ಮೋಟಾರಿಗೆ ಶಕ್ತಿ ಸಾಲದೆ ಅದು ಸ್ಪಂದಗಳ ಹಿಂದೆ ಬೀಳುವುದು. ವೇಗ ಹೆಚ್ಚಿದಂತೆ ಸುರುಳಿಗಳ ಪ್ರೇರಕತ್ವದಿಂದಾಗಿ ವಿದ್ಯುತ್ ಪ್ರವಾಹ ಪೂರ್ತಿ ಏರಲು ಸಮಯ ಸಾಲುವುದಿಲ್ಲ. ತಿರುಗಿಸುವ ಬಲ ಕುಗ್ಗುತ್ತದೆ. ವೇಗೋತ್ಕರ್ಷ ಹೆಚ್ಚಿಟ್ಟರೆ ಜಡತ್ವವನ್ನು ಮೀರಲು ಇನ್ನಷ್ಟು ಬಲ ಬೇಕು. ಸೋತ ಮೋಟಾರು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಈ ಮೋಟಾರಿನ ರೋಟರಿನಲ್ಲಿ 50 ಹಲ್ಲುಗಳಿರುತ್ತವೆ. ತಪ್ಪಿದರೆ ಅದು ಇಡೀ ಹಲ್ಲು ಜಾರಿ ಮುಂದಿನ ಹಲ್ಲಿನಲ್ಲಿ ಹಿಡಿದುಕೊಳ್ಳುತ್ತದೆ. ಅಂದರೆ ನಷ್ಟ ನಾಲ್ಕು ಪೂರ್ಣ ಹೆಜ್ಜೆಗಳ ಗುಣಕ. 8 ಮಿ.ಮೀ. ಲೀಡ್‌ಗೆ ಇದು 8 ಭಾಗಿಸು 50, ಅಂದರೆ 0.16 ಮಿ.ಮೀ. ವ್ಯತ್ಯಾಸ 0.16, 0.32, 0.48 ಹೀಗಿದ್ದರೆ ಮೋಟಾರು ಜಾರಿದೆ ಎಂದು ಶಂಕಿಸಬಹುದು. ವೇಗೋತ್ಕರ್ಷವನ್ನು ($120ರಿಂದ $122) ಅರ್ಧಕ್ಕಿಳಿಸಿ ಅದೇ ಕಡತ ನಡೆಸಿ. ದೋಷ ಮಾಯವಾದರೆ ಶಂಕೆ ದೃಢ.

ಎರಡನೆಯದು ಸೂಕ್ಷ್ಮವಾದುದು. ಡ್ರೈವರಿಗೆ ಎರಡು ಸಂಕೇತಗಳು ಹೋಗುತ್ತವೆ: ಹೆಜ್ಜೆಯ ಸ್ಪಂದ ಮತ್ತು ದಿಕ್ಕು. ದಿಕ್ಕು ಬದಲಾದ ಕೆಲವು ಮೈಕ್ರೊಸೆಕೆಂಡುಗಳ ಮೇಲೆಯೇ ಸ್ಪಂದ ಬರಬೇಕು. ಮೊದಲೇ ಬಂದರೆ ಆ ಒಂದು ಸೂಕ್ಷ್ಮ ಹೆಜ್ಜೆ ಹಳೆಯ ದಿಕ್ಕಿಗೇ ಬೀಳುತ್ತದೆ. ಮುಂದೆ ಹೋಗಬೇಕಾದದ್ದು ಹಿಂದೆ ಹೋದುದರಿಂದ ನಷ್ಟ ಎರಡು ಸೂಕ್ಷ್ಮ ಹೆಜ್ಜೆ. ಎರಡೂ ತಿರುವುಗಳಲ್ಲಿ ಹೀಗಾದರೆ ತಪ್ಪುಗಳು ಪರಸ್ಪರ ಕಳೆದು ಹೋಗುತ್ತವೆ. ಆದರೆ ಡ್ರೈವರಿನೊಳಗಿನ ದ್ಯುತಿ ಸಂಯೋಜಕವು ಹೊತ್ತುವ ವೇಗ, ಆರುವ ವೇಗ ಬೇರೆ ಬೇರೆ. ಆದ್ದರಿಂದ ಒಂದೇ ತಿರುವಿನಲ್ಲಿ ತಪ್ಪಾಗುವುದುಂಟು. ಆಗ ಪ್ರತಿ ಹೋಗಿಬರುವಿಕೆಗೆ, ಮಿ.ಮೀ.ಗೆ 200 ಸ್ಪಂದದ ಯಂತ್ರದಲ್ಲಿ, 0.01 ಮಿ.ಮೀ. ಸರಿಯುತ್ತದೆ. ಒಂದೆರಡು ಸಲ ಅಳೆದರೆ ಕಾಣದು. 300 ಸಲ ಹೋಗಿಬಂದ ಕೆತ್ತನೆಯಲ್ಲಿ 3 ಮಿ.ಮೀ.!

ಎರಡನೆಯ ದೋಷ ವೇಗ ತಗ್ಗಿಸಿದರೂ ಹೋಗುವುದಿಲ್ಲ. ಅದು ಅವಲಂಬಿಸಿರುವುದು ತಿರುವುಗಳ ಸಂಖ್ಯೆಯನ್ನು. ಸ್ಪಂದವನ್ನು ತಲೆಕೆಳಗು ಮಾಡುವ $2 ಸೆಟ್ಟಿಂಗ್ ಡ್ರೈವರಿನ ಅಗತ್ಯಕ್ಕೆ ಸರಿಯಾಗಿದೆಯೇ, $0ರಲ್ಲಿಯ ಸ್ಪಂದದ ಅವಧಿ ಸಾಕಷ್ಟಿದೆಯೇ ಎಂದು ನೋಡಬೇಕು.

ವೇಗಕ್ಕೂ ಮಿತಿಯುಂಟು

ಆರ್ಡುಯಿನೊ ಊನೊ ಮೇಲಿನ ಗರ್ಬಲ್ ಸೆಕೆಂಡಿಗೆ ಸುಮಾರು 30,000 ಸ್ಪಂದಗಳನ್ನು ಮಾತ್ರ ಕ್ರಮವಾಗಿ ಕಳಿಸಬಲ್ಲದು. 5 ಮಿ.ಮೀ. ಲೀಡ್, 16 ಸೂಕ್ಷ್ಮ ಹೆಜ್ಜೆಯಾದರೆ ಮಿ.ಮೀ.ಗೆ 640 ಸ್ಪಂದ. ಗರಿಷ್ಠ ವೇಗ ನಿಮಿಷಕ್ಕೆ ಸುಮಾರು 2800 ಮಿ.ಮೀ. ನಯ ಹೆಚ್ಚಲೆಂದು 32 ಸೂಕ್ಷ್ಮ ಹೆಜ್ಜೆ ಮಾಡಿದರೆ ಈ ಮಿತಿ ಅರ್ಧವಾಗುತ್ತದೆ.

ಕೇಳಿದ ವೇಗ ಬರುತ್ತಲೇ ಇಲ್ಲ ಎಂಬ ದೂರಿಗೆ ಉತ್ತರ ಹಲವು ವೇಳೆ ಪ್ರೌಢಶಾಲೆಯ ಚಲನೆಯ ಸಮೀಕರಣದಲ್ಲಿದೆ. ವೇಗದ ವರ್ಗವನ್ನು ವೇಗೋತ್ಕರ್ಷದ ಇಮ್ಮಡಿಯಿಂದ ಭಾಗಿಸಿದರೆ ಆ ವೇಗ ತಲಪಲು ಬೇಕಾದ ದೂರ ಸಿಗುತ್ತದೆ. ನಿಮಿಷಕ್ಕೆ 3000 ಮಿ.ಮೀ. ಎಂದರೆ ಸೆಕೆಂಡಿಗೆ 50. ವೇಗೋತ್ಕರ್ಷ ಗರ್ಬಲ್‌ನಲ್ಲಿ ಮೊದಲಿಗೇ ಇರುವ 10 ಆಗಿದ್ದರೆ 125 ಮಿ.ಮೀ. ದೂರ ಬೇಕು, 100 ಆಗಿದ್ದರೆ 12.5 ಸಾಕು. 20 ಮಿ.ಮೀ. ಅಕ್ಷರ ಕೆತ್ತುವಾಗ ಮೊದಲ ಯಂತ್ರ ಆ ವೇಗ ಕಾಣುವುದೇ ಇಲ್ಲ.

ಕಾರಣವಿಲ್ಲದ ಅಲಾರಂ

ಸ್ಪಿಂಡಲ್ ಚಾಲೂ ಮಾಡಿದ ಕೂಡಲೇ, ಯಾವ ತುದಿಯನ್ನೂ ಮುಟ್ಟದಿದ್ದರೂ, '1ನೇ ಅಲಾರಂ' ಬಂದು ಯಂತ್ರ ನಿಲ್ಲುವುದುಂಟು. ಇದರರ್ಥ, ಲಿಮಿಟ್ ಸ್ವಿಚ್ ಒತ್ತಲ್ಪಟ್ಟಿದೆ ಎಂದು ಗರ್ಬಲ್ ಭಾವಿಸಿದೆ. ಸ್ಪಿಂಡಲ್ ಮತ್ತು ಮೋಟಾರುಗಳ ತಂತಿಗಳ ಪಕ್ಕದಲ್ಲೇ ಸಾಗುವ ಸ್ವಿಚ್ಚಿನ ತಂತಿ ಆಂಟೆನಾದಂತೆ ವರ್ತಿಸಿ ಗದ್ದಲವನ್ನು ಹಿಡಿಯುತ್ತದೆ. ತಂತಿಗಳನ್ನು ದೂರವಿಡುವುದು, ಲೋಹಕವಚವಿರುವ ತಂತಿ ಬಳಸುವುದು, ಫಲಕದ ಬಳಿ 0.1 ಮೈಕ್ರೊಫ್ಯಾರಡ್ ಸಂಧಾರಕ ಹಾಕುವುದು ಇವೇ ಪರಿಹಾರ. ಅಲಾರಂ ಕಿರಿಕಿರಿ ಎಂದು $21ನ್ನು ಸೊನ್ನೆ ಮಾಡಿ ಲಿಮಿಟ್ ಸ್ವಿಚ್ಚುಗಳನ್ನೇ ಮಲಗಿಸುವುದು ಪರಿಹಾರವಲ್ಲ.

ಅಲಾರಂ ಬಂದಾಗ $ಎಕ್ಸ್ ಎಂದು ಒತ್ತಿ ಬೀಗ ತೆಗೆದು ಮುಂದುವರಿಯುವ ಅಭ್ಯಾಸ ಅಪಾಯಕರ. ಆ ಆದೇಶ ಬೀಗವನ್ನು ಮಾತ್ರ ತೆಗೆಯುತ್ತದೆ, ಕಳೆದ ಸ್ಥಾನವನ್ನು ಹುಡುಕುವುದಿಲ್ಲ. ತಾನೆಲ್ಲಿದ್ದೇನೆಂದು ತಪ್ಪಾಗಿ ನಂಬಿದ ಯಂತ್ರ ತಿರುಗುವ ಕಟರನ್ನು ನೇರ ಕ್ಲಾಂಪಿನೊಳಕ್ಕೆ ನುಗ್ಗಿಸಬಹುದು. ಮತ್ತೆ ಹೋಮಿಂಗ್ ಮಾಡಿ, ಅಂದರೆ ಲಿಮಿಟ್ ಸ್ವಿಚ್ಚುಗಳನ್ನು ಮುಟ್ಟಿಸಿ ಮೂಲಸ್ಥಾನ ಗುರುತಿಸಿ, ಆಮೇಲೆಯೇ ಮುಂದುವರಿಯಬೇಕು.

ತುರ್ತು ನಿಲುಗಡೆಯ ಗುಂಡಿ ಸ್ಪಿಂಡಲ್ ಮತ್ತು ಮೋಟಾರುಗಳ ವಿದ್ಯುತ್ತನ್ನೇ ಕಡಿಯುವಂತಿರಬೇಕು. ಅದು ತಂತ್ರಾಂಶಕ್ಕೆ ಸುದ್ದಿ ಕಳಿಸುವ ಗುಂಡಿಯಾಗಿದ್ದರೆ, ತಂತ್ರಾಂಶವೇ ಕೆಟ್ಟಾಗ ಏನು ಪ್ರಯೋಜನ?

ಹುಡುಕುವ ಕ್ರಮ

1. ಕಟರ್ ಬದಲು ಪೆನ್ನು ಕಟ್ಟಿ, ಕಾಗದದ ಮೇಲೆ ಅದೇ ಕಡತ ನಡೆಸಿ. ಪೆನ್ನಿನಲ್ಲೂ ದೋಷ ಬಂದರೆ ಕತ್ತರಿಸುವ ಬಲ ಅದಕ್ಕೆ ಕಾರಣವಲ್ಲ.

2. ಪರದೆಯ ಸಂಖ್ಯೆಯನ್ನೂ ಅಳತೆಯನ್ನೂ ಹೋಲಿಸಿ, ದೋಷ ಮೇಲಿನ ಹಂತದ್ದೇ ಕೆಳಗಿನದೇ ನಿರ್ಧರಿಸಿ.

3. ತಪ್ಪು ದೂರದೊಂದಿಗೆ ಬೆಳೆಯುವುದೇ, ತಿರುವಿನಲ್ಲಿ ಮಾತ್ರವೇ, ಕೂಡುತ್ತ ಹೋಗುವುದೇ, ಆಗೊಮ್ಮೆ ಈಗೊಮ್ಮೆಯೇ ಎಂದು ಗುರುತಿಸಿ.

4. ಎಲ್ಲ ಸೆಟ್ಟಿಂಗ್‌ಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ.

ಸಿಎನ್‌ಸಿ ಯಂತ್ರ ಇಲ್ಲದ ಶಾಲೆಗಳಲ್ಲೂ ಇದರ ಬಹುಭಾಗವನ್ನು ಮಾಡಿ ನೋಡಬಹುದು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ 3ಡಿ ಮುದ್ರಕಗಳಿವೆ; ಅವುಗಳಲ್ಲಿರುವುದೂ ಸಾಮಾನ್ಯವಾಗಿ ಇದೇ ಬಗೆಯ ಮೋಟಾರು, ಇದೇ ಲೆಕ್ಕ. 2 ಮಿ.ಮೀ. ಹಲ್ಲಿನಂತರದ ಬೆಲ್ಟು, 20 ಹಲ್ಲಿನ ಗಾಲಿ, 16 ಸೂಕ್ಷ್ಮ ಹೆಜ್ಜೆ ಇದ್ದರೆ ಮಿ.ಮೀ.ಗೆ ಎಷ್ಟು ಸ್ಪಂದ ಬೇಕು? ಮೋಟಾರು ಒಂದು ಹಲ್ಲು ಜಾರಿದರೆ ಮುದ್ರಣ ಎಷ್ಟು ಸರಿಯುತ್ತದೆ? ವಿದ್ಯಾರ್ಥಿಗಳು ಮೊದಲು ಕಾಗದದ ಮೇಲೆ ಲೆಕ್ಕ ಹಾಕಲಿ, ಅನಂತರ ಅಳೆದು ನೋಡಲಿ. ಉತ್ತರಗಳು: 80 ಮತ್ತು 0.8 ಮಿ.ಮೀ.