ಮದರ್‌ಬೋರ್ಡ್ ಬದಲಾಯಿತು, ವಿಂಡೋಸ್?

ನಮ್ಮ ಧರ್ಮಕೇಂದ್ರದ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಹಾಕಿದವರು ಕೇಳಿದರು: "ಫಾದರ್, ವಿಂಡೋಸನ್ನೂ ಹೊಸದಾಗಿ ಹಾಕಿಬಿಡಲೇ?" ನಾವು ತಡೆದೆವು. ಯುವಜನರು ತಿಂಗಳುಗಟ್ಟಲೆ ಕುಳಿತು ಟೈಪ್ ಮಾಡಿದ ದೀಕ್ಷಾಸ್ನಾನದ ಪಟ್ಟಿ ಆ ಡಿಸ್ಕಿನಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ.

ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಮೊದಲು ಪ್ರತಿ ಮಾಡಿಸಿದೆವು. ಆಮೇಲೆ ಹಾಗೆಯೇ ಚಾಲೂ ಮಾಡಿದೆವು, ತೆರೆಯಿತು!

2001ರ ವಿಂಡೋಸ್ ಎಕ್ಸ್‌ಪಿ ಇಂಥ ಬದಲಾವಣೆಗೆ ನೀಲಿ ಪರದೆ ತೋರಿಸಿ ನಿಲ್ಲುತ್ತಿದ್ದುದುಂಟು. ವಿಂಡೋಸ್ 10, 11 ಸಾಮಾನ್ಯವಾಗಿ ಹೊಸ ಬೋರ್ಡಿಗೆ ತಾವೇ ಹೊಂದಿಕೊಳ್ಳುತ್ತವೆ. ಲೈಸೆನ್ಸನ್ನು ಮಾತ್ರ ಮತ್ತೆ ಕೇಳಬಹುದು. ತೊಡಕು ಉಳಿದರಷ್ಟೇ ಹೊಸದಾಗಿ ಹಾಕಿಸಿ.

ಪ್ರಿಯ ಕುಟುಂಬಗಳೇ, ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕೆಗಳ ಕೀಲಿಯನ್ನು ಇಂದೇ ಬರೆದಿಡಿ. ಬೋರ್ಡ್ ಬದಲಾದ ಮೇಲೆ ಅದಿಲ್ಲದೆ ನಿಮ್ಮ ಫೋಟೋಗಳೂ ತೆರೆಯಲಾರವು.