ಕರೆಂಟ್ ಇಲ್ಲದೆ ಚಳಿಯಲ್ಲಿ ಇಂಜಿನ್ ಸ್ಟಾರ್ಟ್ ಮಾಡುವುದು ಹೇಗೆ?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮಳೆಯನ್ನು ನಂಬಿ ಕೂರುವ ಹಾಗಿಲ್ಲ. ಕೆರೆ, ಬಾವಿ, ಕೃಷಿ ಹೊಂಡದಲ್ಲಿ ಇದ್ದಷ್ಟು ನೀರೇ ಆಧಾರ. ೨೦೧೪ರಲ್ಲಿ ಕರ್ನಾಟಕ ಸರ್ಕಾರ ಕೃಷಿ ಭಾಗ್ಯ ಯೋಜನೆಯನ್ನು ಶುರು ಮಾಡಿದಾಗ ಹೊಂಡದ ಜೊತೆಗೆ ಡೀಸೆಲ್ ಪಂಪ್‌ಸೆಟ್ಟಿಗೂ ಸಹಾಯಧನ ಇಟ್ಟಿತು. ಯಾಕೆಂದರೆ ಹೊಂಡ ಇರುವ ಕಡೆಯೆಲ್ಲ ಕರೆಂಟ್ ಕಂಬ ಇರುವುದಿಲ್ಲ. ಪಾವಗಡ ತಾಲ್ಲೂಕಿನಲ್ಲೇ ೨೦೫೦ ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ನಿಜ. ಆದರೂ ಬೆಳಗಿನ ಜಾವ ಹೊಲದ ಮೂಲೆಯಲ್ಲಿ ಹೊಂಡದ ಹತ್ತಿರ ನಿಂತವರಿಗೆ ಕೈಯಲ್ಲಿರುವ ಹ್ಯಾಂಡಲ್ಲೇ ಗತಿ.

ಬೇಸಿಗೆಯಲ್ಲಿ ಎರಡು ಸುತ್ತಿಗೇ ಹೊಡೆದುಕೊಳ್ಳುವ ಇಂಜಿನ್ ಮಾಗಿ ಚಳಿಯಲ್ಲಿ ಹಠ ಹಿಡಿಯುತ್ತದೆ. ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದು ಹೋಗುತ್ತವೆ. ಹೂ ಕಟ್ಟುವ ಹೊತ್ತಿನಲ್ಲಿ ಬೆಳೆಗೆ ಒಂದು ನೀರು ತಪ್ಪಿದರೆ ಇಳುವರಿ ಬಿದ್ದು ಹೋಗುತ್ತೆ. ಸಿಟ್ಟಿನಲ್ಲಿ ಹ್ಯಾಂಡಲ್ ಹೊಡೆಯಲು ಹೋದರೆ ಕೈ ಮುರಿಯುತ್ತೆ. ಅದಕ್ಕೇ ಈ ವಿಷಯವನ್ನು ಎಲ್ಲರೂ ತಿಳಿದಿರಬೇಕು. ದೊಡ್ಡವರು ಹ್ಯಾಂಡಲ್ ತಿರುಗಿಸುವಾಗ ಲಿವರ್ ಬಿಡಲು ನಿಲ್ಲುವವರು ಬಹಳ ಮನೆಗಳಲ್ಲಿ ನಾವು ಮಕ್ಕಳೇ ಅಲ್ಲವೇ?

೧. ಬೆಂಕಿ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಅದಕ್ಕೆ ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್ ಇಂಜಿನ್ನಿಗೆ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ. ಹಾಗಾದರೆ ಡೀಸೆಲ್ ಹೇಗೆ ಹೊತ್ತಿಕೊಳ್ಳುತ್ತದೆ?

ಸೈಕಲ್ಲಿಗೆ ಗಾಳಿ ಹೊಡೆದ ತಕ್ಷಣ ಪಂಪಿನ ತುದಿ ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ಗಾಳಿಯನ್ನು ಬೇಗ ಅದುಮಿದರೆ ಅದು ಕಾಯುತ್ತದೆ. ಇಷ್ಟೇ ಗುಟ್ಟು. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬರುವಾಗ ಸಿಲಿಂಡರಿನ ತುಂಬ ಇದ್ದ ಗಾಳಿಯನ್ನು ಹೆಚ್ಚು ಕಡಿಮೆ ೧೬ರಲ್ಲಿ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಇಂಜಿನ್ ಓಡುತ್ತಿರುವಾಗ ಆ ಗಾಳಿಯ ಕಾವು ೫೦೦ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳಲು ಇನ್ನೂರ ಚಿಲ್ಲರೆ ಡಿಗ್ರಿ ಸಾಕು. ಸರಿಯಾಗಿ ಅದೇ ಹೊತ್ತಿಗೆ ನಾಸಲ್ ಡೀಸೆಲನ್ನು ಮಂಜಿನ ಹಾಗೆ ಚಿಮ್ಮುತ್ತದೆ. ಅದು ಭಗ್ ಅಂತ ಹೊತ್ತಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ.

ಇದನ್ನು ಕಂಡುಹಿಡಿದವರು ರುಡಾಲ್ಫ್ ಡೀಸೆಲ್. ಜರ್ಮನಿಯ ಔಗ್ಸ್‌ಬರ್ಗ್ ಊರಿನಲ್ಲಿ ೧೮೯೭ರಲ್ಲಿ ಅವರ ಇಂಜಿನ್ ಚೆನ್ನಾಗಿ ಓಡಿತು. ನಾವು ಎಣ್ಣೆಗೆ ಕರೆಯುವ ಹೆಸರು ಅವರದ್ದೇ. ನಮ್ಮ ದೇಶದಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಕಂಪನಿ ಪುಣೆಯಲ್ಲಿ ೧೯೪೬ರಲ್ಲಿ ಶುರುವಾಯಿತು.

೨. ಚಳಿ ಏನು ಮಾಡುತ್ತದೆ?

ಚಳಿ ಮೂರು ಕಡೆಯಿಂದ ಅಡ್ಡಿ ಮಾಡುತ್ತದೆ.

ಅ) ಒಳಗೆ ಹೋಗುವ ಗಾಳಿಯೇ ತಣ್ಣಗಿರುತ್ತದೆ. ಸುತ್ತಲಿನ ಕಬ್ಬಿಣವೂ ತಣ್ಣಗೆ. ಅದುಮಿ ಹುಟ್ಟಿಸಿದ ಕಾವನ್ನು ಕಬ್ಬಿಣ ಕುಡಿದುಬಿಡುತ್ತದೆ.

ಆ) ಇಂಜಿನ್ ಆಯಿಲ್ ಹರಳೆಣ್ಣೆ ಥರ ಮಂದವಾಗುತ್ತದೆ. ಚಕ್ರ ತಿರುಗಿಸುವುದು ಭಾರವಾಗುತ್ತದೆ.

ಇ) ಭಾರವಾದ್ದರಿಂದ ನಾವು ನಿಧಾನ ತಿರುಗಿಸುತ್ತೇವೆ. ನಿಧಾನವಾದಷ್ಟೂ ಕಾವು ಹೊರಗೆ ಹೋಗಲು ಸಮಯ ಸಿಗುತ್ತದೆ. ಹಳೇ ಇಂಜಿನ್ ಆದರೆ ಪಿಸ್ಟನ್ ರಿಂಗ್ ಸವೆದಿರುತ್ತೆ, ಗಾಳಿಯೂ ಸೋರಿ ಹೋಗುತ್ತೆ.

ಹೀಗಾಗಿ ಬೇಕಾದಷ್ಟು ಕಾವು ಹುಟ್ಟುವುದಿಲ್ಲ, ಇಂಜಿನ್ ಹೊತ್ತುವುದಿಲ್ಲ. ಮುಂದೆ ಹೇಳುವ ಉಪಾಯಗಳೆಲ್ಲ ಎರಡೇ ಕೆಲಸಕ್ಕೆ: ಒಂದು, ಚಕ್ರವನ್ನು ಜೋರಾಗಿ ತಿರುಗಿಸುವುದು. ಇನ್ನೊಂದು, ಹುಟ್ಟಿದ ಕಾವನ್ನು ಉಳಿಸುವುದು.

೩. ಹ್ಯಾಂಡಲ್ ಹಾಕುವ ಮೊದಲು

* ಹಿಂದಿನ ಸಂಜೆಯೇ ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಅರ್ಧ ಖಾಲಿ ಇದ್ದರೆ ರಾತ್ರಿ ಚಳಿಗೆ ಟ್ಯಾಂಕಿನೊಳಗೆ ನೀರಿನ ಹನಿ ಕಟ್ಟುತ್ತದೆ.
* ಇಬ್ಬನಿ ಬೀಳದ ಹಾಗೆ ಇಂಜಿನ್ನಿಗೆ ಗೋಣಿ ಚೀಲ ಹೊದಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ತೆಗೆಯಿರಿ. ಮರೆತರೆ ಚೀಲ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ.
* ಆಯಿಲ್ ಅಳತೆ ಕಡ್ಡಿ ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಿ.
* ಪಂಪಿಗೆ ನೀರು ತುಂಬಿಸಿ. ಪಂಪಿನಲ್ಲಿ ಗಾಳಿ ಇದ್ದರೆ ಇಂಜಿನ್ ಓಡಿದರೂ ನೀರು ಬರೋದಿಲ್ಲ. ಫುಟ್‌ವಾಲ್ವಿನಲ್ಲಿ ಎಲೆ, ಕಸ ಸಿಕ್ಕಿದ್ದರೆ ತುಂಬಿದ ನೀರೆಲ್ಲ ಇಳಿದುಹೋಗುತ್ತೆ.
* ಬೆಲ್ಟ್ ಇರುವ ಇಂಜಿನ್ ಆದರೆ ಬೆಲ್ಟ್ ಬಿಚ್ಚಿ ಸ್ಟಾರ್ಟ್ ಮಾಡಿದರೆ ಕೈಗೆ ಹಗುರ.
* ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಏರ್ ಹಿಡಿದಿದೆ ಅಂತಾರಲ್ಲ, ಅದೇ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದರೆ ಗುಳ್ಳೆ ಗುಳ್ಳೆಯಾಗಿ ಡೀಸೆಲ್ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಬೇಕು.

೪. ಹ್ಯಾಂಡಲ್ ಹೊಡೆಯುವ ಕ್ರಮ

ಇಂಜಿನ್ನಿನ ತಲೆಯ ಮೇಲೆ ಒಂದು ಚಿಕ್ಕ ಲಿವರ್ ಇರುತ್ತದೆ. ಅದರ ಹೆಸರು ಡಿಕಂಪ್ರೆಷನ್ ಲಿವರ್. ಅದನ್ನು ಎತ್ತಿದರೆ ವಾಲ್ವ್ ಒಂದು ಪೂರ್ತಿ ಮುಚ್ಚದೆ ನಿಲ್ಲುತ್ತದೆ. ಆಗ ಗಾಳಿ ಅದುಮಲ್ಪಡುವುದಿಲ್ಲ, ಚಕ್ರ ಹಗುರವಾಗಿ ತಿರುಗುತ್ತದೆ. ಲಿವರ್ ಬಿಟ್ಟರೆ ಗಾಳಿ ಅದುಮಲು ಶುರು.

ಮೊದಲು ಲಿವರ್ ಎತ್ತಿ ಹದಿನೈದು ಇಪ್ಪತ್ತು ಸುತ್ತು ಸುಮ್ಮನೆ ನಿಧಾನ ತಿರುಗಿಸಿ. ಅವಸರ ಬೇಡ. ಮಂದವಾದ ಆಯಿಲ್ ಎಲ್ಲಾ ಕಡೆ ಹರಡಿ ಸಡಿಲವಾಗುತ್ತದೆ. ಹೀಗೆ ತಿರುಗಿಸುವಾಗ ನಾಸಲ್‌ನಿಂದ ಕಿರ್ ಕಿರ್ ಅನ್ನುವ ಸದ್ದು ಕೇಳಬೇಕು. ಕೇಳಿದರೆ ಡೀಸೆಲ್ ಬರುತ್ತಿದೆ ಅಂತ ಅರ್ಥ. ಕೇಳದಿದ್ದರೆ ಎಷ್ಟು ತಿರುಗಿಸಿದರೂ ದಂಡ.

ಆಮೇಲೆ ಜೋರು ತಿರುಗಿಸುವುದು. ಇಲ್ಲಿ ಒಂದು ಲೆಕ್ಕ ಇದೆ. ಚಕ್ರದ ವೇಗ ಎರಡರಷ್ಟಾದರೆ ಅದರಲ್ಲಿ ಕೂಡುವ ಶಕ್ತಿ ನಾಲ್ಕರಷ್ಟಾಗುತ್ತದೆ. ಲಿವರ್ ಬಿಟ್ಟ ಮೇಲೆ ಗಾಳಿಯನ್ನು ಅದುಮುವುದು ನಮ್ಮ ತೋಳಿಗಿಂತ ಹೆಚ್ಚಾಗಿ ಚಕ್ರವೇ. ನಾವು ಅದಕ್ಕೆ ಮೊದಲೇ ಸಾಲ ಕೊಟ್ಟಿರಬೇಕು! ಅದಕ್ಕೇ ಚಕ್ರ ತನ್ನ ಪೂರ್ತಿ ರಭಸಕ್ಕೆ ಬರುವ ತನಕ ಲಿವರ್ ಬಿಡಬಾರದು. ತಿರುಗಿಸುವವರು "ಬಿಡು" ಅಂದ ತಕ್ಷಣ ಬಿಡಬೇಕು. ಲಿವರ್ ಬಿಟ್ಟ ಮೇಲೂ ತಿರುಗಿಸುವವರು ಕೈ ನಿಧಾನ ಮಾಡಬಾರದು. ಇಂಜಿನ್ ಹೊತ್ತಿಕೊಂಡು ಚಕ್ರ ನಮ್ಮ ಕೈಗಿಂತ ಜೋರಾದಾಗ ಹ್ಯಾಂಡಲ್ ತಾನಾಗಿ ಕಚ್ಚು ಬಿಡುತ್ತದೆ, ಕೂಡಲೇ ಹೊರಗೆ ಎಳೆದುಕೊಳ್ಳಬೇಕು.

ಸ್ಟಾರ್ಟ್ ಆದ ಮೇಲೆ ಕೂಡಲೇ ಪೂರ್ತಿ ರೈಸ್ ಮಾಡಬೇಡಿ. ಸ್ವಲ್ಪ ಹೊತ್ತು ಮೆಲ್ಲಗೆ ಓಡಲಿ, ಮೈ ಕಾಯಲಿ. ಆಮೇಲೆ ಕೆಲಸ.

೫. ಹೊಗೆಯೇ ವೈದ್ಯ

ಹೊತ್ತದಿದ್ದರೆ ಹೊಗೆ ಕೊಳವೆ ನೋಡಿ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಏರ್ ಹಿಡಿದಿದೆಯೋ, ಫಿಲ್ಟರ್ ಕಟ್ಟಿದೆಯೋ ನೋಡಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಆದರೆ ಕಾವು ಸಾಲದೆ ಹಸಿಯಾಗಿಯೇ ಹೊರಗೆ ಬರುತ್ತಿದೆ. ಆಗ ಪೈಪ್ ಬಿಚ್ಚುವುದು ಬೇಡ, ಕಾವು ಹೆಚ್ಚಿಸುವ ದಾರಿ ನೋಡಿ. ಇಷ್ಟು ತಿಳಿದಿದ್ದರೆ ಅರ್ಧ ಗಂಟೆ ಉಳಿಯುತ್ತೆ.

೬. ಕಾವು ಹೆಚ್ಚಿಸುವ ದಾರಿಗಳು

ನೀರಿನಿಂದ ತಣಿಯುವ ಇಂಜಿನ್ ಆದರೆ ಸಿಲಿಂಡರಿನ ಸುತ್ತ ನೀರು ನಿಲ್ಲುವ ಜಾಗಕ್ಕೆ ಬಿಸಿನೀರು ಹಾಕಬಹುದು. ಸ್ನಾನದ ನೀರಿನಷ್ಟು ಬಿಸಿ ಸಾಕು. ಕುದಿಯುವ ನೀರನ್ನು ಕೊರೆಯುವ ಕಬ್ಬಿಣಕ್ಕೆ ಒಮ್ಮೆಲೇ ಸುರಿದರೆ ಸೀಳು ಬಿಡುತ್ತದೆ. ಬಿಸಿನೀರು ಕಬ್ಬಿಣದ ಚಳಿ ಬಿಡಿಸುತ್ತದೆ, ಕಾವು ಉಳಿಯುತ್ತದೆ.

ಕೆಲವು ಇಂಜಿನ್ನುಗಳಲ್ಲಿ ಗಾಳಿ ಒಳಗೆ ಹೋಗುವ ದಾರಿಯಲ್ಲಿ ಕೆಲವೇ ಹನಿ ಇಂಜಿನ್ ಆಯಿಲ್ ಬಿಡಲು ರಬ್ಬರ್ ಮುಚ್ಚಳದ ತೂತು ಇರುತ್ತದೆ. ಆ ಆಯಿಲ್ ರಿಂಗಿನ ಸಂದಿ ಮುಚ್ಚಿ ಗಾಳಿ ಸೋರದಂತೆ ಮಾಡುತ್ತದೆ. ಹನಿ ಅಂದರೆ ಹನಿ, ಲೋಟ ಅಲ್ಲ!

ಕೆಲವರು ಬಟ್ಟೆ ಸುತ್ತಿದ ಕಡ್ಡಿಗೆ ಬೆಂಕಿ ಹಚ್ಚಿ ಗಾಳಿ ಹೋಗುವ ಬಾಯಿಗೆ ಹಿಡಿಯುತ್ತಾರೆ. ಬಿಸಿ ಗಾಳಿ ಒಳಗೆ ಹೋಗುವುದು ನಿಜ. ಆದರೆ ಪಕ್ಕದಲ್ಲೇ ಡೀಸೆಲ್ ಇರುತ್ತದೆ, ಕಿಡಿಯೂ ಒಳಗೆ ಹೋಗಬಹುದು. ಬೇಡ. ಇನ್ನು ಕೆಲವರು ಅಲ್ಲಿಗೆ ಪೆಟ್ರೋಲ್ ಬಿಡುತ್ತಾರೆ. ಅದಂತೂ ಬೇಡವೇ ಬೇಡ. ಪಿಸ್ಟನ್ ಮೇಲೆ ಬರುವ ಮೊದಲೇ ಹೊತ್ತಿಕೊಂಡು ಚಕ್ರವನ್ನು ಹಿಂದಕ್ಕೆ ಒದೆಯಬಹುದು.

೭. ಹಿಂದಕ್ಕೆ ಒದೆಯುವುದು ಅಂದರೇನು?

ವೇಗ ಸಾಲದೆ ಲಿವರ್ ಬಿಟ್ಟರೆ ಪಿಸ್ಟನ್ ಮೇಲಿನ ತುದಿ ದಾಟದೆ ವಾಪಸ್ ಬರುತ್ತದೆ. ಚಕ್ರ ಉಲ್ಟಾ ತಿರುಗುತ್ತದೆ. ಮುಂದಕ್ಕೆ ಹೋದಾಗ ಕಚ್ಚು ಬಿಡುವ ಹ್ಯಾಂಡಲ್ ಹಿಂದಕ್ಕೆ ಬಂದಾಗ ಬಿಡುವುದಿಲ್ಲ, ಕೈಯನ್ನೇ ಹೊಡೆಯುತ್ತದೆ. ಅದಕ್ಕೆ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಕಡೆಯೇ ಇರಬೇಕು, ಸುತ್ತಿ ಹಿಡಿಯಬಾರದು. ಕಚ್ಚು ಸವೆದ ಹ್ಯಾಂಡಲ್ ಬಳಸಲೇಬಾರದು.

ಚಳಿ ಅಂತ ಹೊದ್ದ ಶಾಲು, ಟವೆಲ್, ಮಫ್ಲರ್, ಸೆರಗು, ದುಪಟ್ಟ ಇವೆಲ್ಲ ಚಕ್ರಕ್ಕೆ, ಬೆಲ್ಟಿಗೆ ಸಿಕ್ಕಿದರೆ ಜೀವಕ್ಕೇ ಅಪಾಯ. ಲಿವರ್ ಬಿಡುವ ಮಕ್ಕಳು ಶಾಲು ತೆಗೆದಿಟ್ಟು, ಬೆಲ್ಟಿನ ಕಡೆ ಬಿಟ್ಟು ಇನ್ನೊಂದು ಕಡೆ ನಿಲ್ಲಬೇಕು. ಮಕ್ಕಳು ಹ್ಯಾಂಡಲ್ ಮುಟ್ಟಲೇಬಾರದು. ಬಾಗಿಲು ಹಾಕಿದ ಮೋಟರ್ ಮನೆಯಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಕೊಲ್ಲುತ್ತದೆ.

೮. ಹಿಮದ ನಾಡಿನಲ್ಲಿ ಏನು ಮಾಡುತ್ತಾರೆ?

ನಮ್ಮ ಚಳಿಯೇ ಇಷ್ಟು ಕಷ್ಟ ಕೊಟ್ಟರೆ ಹಿಮದ ನಾಡಿನವರ ಗತಿ ಏನು?

ಲಡಾಖ್‌ನಲ್ಲಿ ಡೀಸೆಲ್ಲೇ ಗಟ್ಟಿಯಾಗುತ್ತದೆ. ಡೀಸೆಲ್‌ನಲ್ಲಿ ಮೇಣದ ಅಂಶ ಇದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಹಾಗೆ ಆ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟುತ್ತದೆ. ಅದಕ್ಕಾಗಿ ಇಂಡಿಯನ್ ಆಯಿಲ್ ಕಂಪನಿ ೨೦೧೯ರ ನವೆಂಬರಿನಲ್ಲಿ, ಸೊನ್ನೆಗಿಂತ ೩೩ ಡಿಗ್ರಿ ಕೆಳಗೂ ಹರಿಯುವ ಡೀಸೆಲನ್ನು ಅಲ್ಲಿಗೆ ಕಳಿಸಲು ಶುರು ಮಾಡಿತು. ನಮ್ಮ ಸೀಮೆಯ ಚಳಿಗೆ ಡೀಸೆಲ್ ಹೀಗಾಗುವುದಿಲ್ಲ.

ಹಿಮದ ಮೇಲೆ ಓಡುವ ಸ್ನೋ ಸ್ಕೂಟರ್ ಅಂತ ಒಂದು ಗಾಡಿ ಇದೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲೂ ಇದೆ. ಮುಂದೆ ಚಕ್ರದ ಬದಲು ಜಾರುವ ಪಟ್ಟಿ, ಹಿಂದೆ ರಬ್ಬರ್ ಪಟ್ಟಾ. ಕೆನಡಾ ದೇಶದ ಬೊಂಬಾರ್ಡಿಯೆ ಎನ್ನುವವರು ೧೯೨೨ರಲ್ಲಿ, ೧೫ ವರ್ಷದ ಹುಡುಗನಾಗಿದ್ದಾಗಲೇ ಹಿಮದ ಗಾಡಿಯೊಂದನ್ನು ಮಾಡಿದ್ದರು. ೧೯೩೪ರಲ್ಲಿ ಹಿಮ ಬಿದ್ದು ದಾರಿ ಮುಚ್ಚಿ, ಕಾಯಿಲೆಯಾದ ಅವರ ಚಿಕ್ಕ ಮಗುವನ್ನು ಆಸ್ಪತ್ರೆಗೆ ಸಾಗಿಸಲಾಗದೆ ಮಗು ತೀರಿಕೊಂಡಿತು. ಆಮೇಲೂ ಅವರು ಹಿಮದ ಗಾಡಿಗಳ ಕೆಲಸ ಬಿಡಲಿಲ್ಲ. ೧೯೫೯ರಲ್ಲಿ ಅವರ ಸಣ್ಣ ಹಿಮ ಗಾಡಿ ಮಾರಾಟಕ್ಕೆ ಬಂತು.

ಈ ಗಾಡಿಗಳಲ್ಲಿ ಹೆಚ್ಚಿನವು ಪೆಟ್ರೋಲಿನವು. ಅತಿ ಚಳಿಗೆ ಬ್ಯಾಟರಿಯ ಬಲ ಕುಗ್ಗುತ್ತದೆ. ಅದಕ್ಕೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಏರ್ಪಾಡು ಇಟ್ಟಿರುತ್ತಾರೆ. ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನ ಹಗ್ಗ ಎಳೆಯುವುದನ್ನು ನೋಡಿದ್ದೀರಲ್ಲ, ಹಾಗೇ. ಹಗ್ಗ ಎಳೆದಾಗ ಚಕ್ರದ ಅಯಸ್ಕಾಂತ ತಂತಿ ಸುರುಳಿಯ ಪಕ್ಕ ಸರಿದು ಕಿಡಿಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅಂದರೆ ನಮ್ಮ ರಟ್ಟೆಯೇ ಕರೆಂಟ್! ಆದರೆ ಚಳಿಯಲ್ಲಿ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ. ಅದಕ್ಕೆ ಚೋಕ್ ಎಳೆದು ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸುತ್ತಾರೆ. ಇಂಜಿನ್ ಕಾದ ಮೇಲೆ ಚೋಕ್ ವಾಪಸ್ ತಳ್ಳುತ್ತಾರೆ. ಅವರೂ ಮೊದಲು ಹಗ್ಗವನ್ನು ಮೆಲ್ಲಗೆ ಎಳೆದು ಇಂಜಿನ್ ಸಡಿಲ ಮಾಡಿಕೊಂಡು ಆಮೇಲೆ ಜೋರಾಗಿ ಎಳೆಯುತ್ತಾರೆ. ನೋಡಿ, ಕೆನಡಾ ಆದರೇನು, ಪಾವಗಡ ಆದರೇನು, ಕ್ರಮ ಒಂದೇ: ಮೊದಲು ಮೆಲ್ಲಗೆ, ಆಮೇಲೆ ಜೋರು.

ಶಕ್ತಿಗಿಂತ ಯುಕ್ತಿ ಮೇಲು ಅಂತ ಗಾದೆ ಇದೆ. ನೂರು ಸಲ ನಿಧಾನ ತಿರುಗಿಸಿದರೆ ಹುಟ್ಟದ ಬೆಂಕಿ ಸರಿಯಾದ ಹೊತ್ತಿಗೆ ಲಿವರ್ ಬಿಟ್ಟರೆ ಒಂದೇ ಸಲಕ್ಕೆ ಹುಟ್ಟುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರೆ. ಅಲ್ಲಿ ತನಕ ಬೆಳೆ ಕಾಯುವುದಿಲ್ಲ. ಆದ್ದರಿಂದ ಇದನ್ನು ಓದಿದವರು ಇವತ್ತು ಮನೆಗೆ ಹೋಗಿ, ಹ್ಯಾಂಡಲ್ ಹೊಡೆಯುವ ದೊಡ್ಡವರಿಗೆ ಎರಡು ಮಾತು ಹೇಳಿ: ಹೆಬ್ಬೆರಳು ಸುತ್ತಬೇಡಿ, ಬಿಳಿ ಹೊಗೆ ಬಂದರೆ ಪೈಪ್ ಬಿಚ್ಚಬೇಡಿ.

ನಿಮಗೊಂದು ಪ್ರಯೋಗ: ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹತ್ತು ಸಲ ನಿಧಾನವಾಗಿ, ಆಮೇಲೆ ಹತ್ತು ಸಲ ಬೇಗ ಬೇಗ ಒತ್ತಿ. ಯಾವಾಗ ಹೆಚ್ಚು ಬಿಸಿಯಾಯಿತು? ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿ.

— ಏಳನೇ ತರಗತಿ ವಿದ್ಯಾರ್ಥಿ